ನಾಲ್ಕು ಮಾತು ಅವರದು, ನಾಲ್ಕು ಮಾತು ನಮ್ಮದು

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಚಿಕ್ಕಬಳ್ಳಾಪುರ ಸೀಮೆ ಹೊರದೇಶದವರ ಹಾದಿಗೆ ಬಿದ್ದಿದೆ. ನಂದಿಬೆಟ್ಟ ಹತ್ತುವವರು, 2023ರಿಂದ ಆದಿಯೋಗಿ ಪ್ರತಿಮೆ ನೋಡಲು ಬರುವವರು, ಮುದ್ದೇನಹಳ್ಳಿಗೆ ಹೋಗುವವರು, ಬಾಗೇಪಲ್ಲಿ ದಾಟಿ ಪುಟ್ಟಪರ್ತಿಗೆ ಸಾಗುವವರು ಎಲ್ಲರೂ ಇದೇ ಹೆದ್ದಾರಿಯಲ್ಲಿ ಓಡಾಡುತ್ತಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರ ಈ ದಾರಿಯಿಂದ ಕೊಂಚ ಒಳಗಿದೆ. ಅಮರನಾರೇಯಣ ಸ್ವಾಮಿ ಮತ್ತು ಭೀಮೇಶ್ವರನ ಗುಡಿಗಳಿಗೆ, ಸಂತಕವಿ ತಾತಯ್ಯನವರ ಮಠಕ್ಕೆ ಬರುವವರಲ್ಲಿ ಬಹುಪಾಲು ಕರ್ನಾಟಕ, ಆಂಧ್ರ, ತಮಿಳುನಾಡಿನ ಭಕ್ತರೇ. ವಿದೇಶಿಯರು ಇಲ್ಲಿ ಕಾಣಿಸುವುದು ಅಪರೂಪ. ಇಂಥ ಊರುಗಳಲ್ಲಿ ಅವರು ಎದುರಾದಾಗ ಸಾಮಾನ್ಯವಾಗಿ ನಡೆಯುವುದು ಮೂರೇ: ದೂರದಿಂದ ಪಿಳಿಪಿಳಿ ನೋಡುವುದು, ಮೊಬೈಲ್ ಹಿಡಿದು ಸೆಲ್ಫಿ ಕೇಳುವುದು, ಇಲ್ಲವೇ ಇಂಗ್ಲಿಷ್ ಬರುವ ಹುಡುಗನೊಬ್ಬನನ್ನು ಮುಂದಕ್ಕೆ ತಳ್ಳಿ ಉಳಿದವರು ಹಿಂದೆ ಸರಿಯುವುದು. ನಾಲ್ಕನೆಯ ದಾರಿಯೊಂದಿದೆ. ಬಂದವರ ನುಡಿಯ ನಾಲ್ಕು ಮಾತನ್ನು ತಪ್ಪೋ ಸರಿಯೋ ಆಡಿ ನೋಡುವುದು, ನಮ್ಮ ನಾಲ್ಕು ಮಾತನ್ನು ಅವರ ಬಾಯಿಂದ ಆಡಿಸುವುದು. ಆಕಸ್ಮಿಕವಾಗಿ ಸಿಗುವ ಐದು ನಿಮಿಷವನ್ನು ಹೀಗೆ ಬಳಸಿಕೊಳ್ಳುವ ಯೋಗ್ಯತೆ ಈ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚೇ ಇದೆ ಎಂಬುದು ನನ್ನ ವಾದ.

ಹೆಚ್ಚು ಎನ್ನಲು ಕಾರಣವಿದೆ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆ ಕಚೇರಿಗಳ ಮಾತು ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತಂದ ರೈತನಿಗೂ ಕೊಳ್ಳುವ ರೀಲರಿಗೂ ನಡುವೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. 1726ರಲ್ಲಿ ಹುಟ್ಟಿದರೆಂದು ಪರಂಪರೆ ಹೇಳುವ ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣ ಯತೀಂದ್ರರು, ಊರೂರು ತಿರುಗಿ ಬಳೆ ಮಾರಿದವರು. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ಆ ಎರಡೂ ನುಡಿಗಳ ಪದಗಳನ್ನು ಕೇಳುವ ಜನ ಇದು ಪರಭಾಷೆ, ಇದು ಸ್ವಭಾಷೆ ಎಂದು ಲೆಕ್ಕ ಹಾಕುವುದಿಲ್ಲ. ಇವರಲ್ಲಿ ಯಾರೂ ಎರಡನೆಯ ಮೂರನೆಯ ಭಾಷೆಯನ್ನು ವ್ಯಾಕರಣ ಪುಸ್ತಕದಿಂದ ಕಲಿತಿಲ್ಲ. ಕೇಳಿ ಕಲಿತರು, ತಪ್ಪಾಗಿ ಆಡಿ ಕಲಿತರು, ಆಡುವ ಅಗತ್ಯ ಬಿದ್ದಾಗ ಕಲಿತರು. ಇಂಥವರೇ ವಿದೇಶಿಯೊಬ್ಬ ಎದುರಾದಾಗ ನಾಲಿಗೆ ಕಟ್ಟಿದವರಂತೆ ನಿಲ್ಲುತ್ತಾರೆಂದರೆ ಅದಕ್ಕೆ ಕಾರಣ ಶಕ್ತಿಯ ಕೊರತೆಯಾಗಿರಲಾರದು. ಇಂಗ್ಲಿಷ್ ನಮ್ಮ ಬಳಿಗೆ ಬಂದದ್ದು ಪರೀಕ್ಷೆಯ ವಿಷಯವಾಗಿ. ಅಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ತರಗತಿಯಲ್ಲಿ ನಗುತ್ತಾರೆ. ಆ ಅಂಜಿಕೆಯನ್ನೇ ನಾವು ಹೊರದೇಶದ ಎಲ್ಲ ನುಡಿಗಳಿಗೂ ಹೊದಿಸಿದ್ದೇವೆ.

ಇಂಗ್ಲಿಷ್ ಇದ್ದರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಬರುವವರು ಯಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಕೋವಿಡ್‌ಗೆ ಮುಂಚಿನ 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಅತಿ ಹೆಚ್ಚು ಮಂದಿ ಬಂದದ್ದು ಬಾಂಗ್ಲಾದೇಶದಿಂದ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2016ರಲ್ಲಿ ಆರಂಭಿಸಿದ ಸಹಾಯವಾಣಿ 12 ಭಾಷೆಗಳಲ್ಲಿ ಉತ್ತರಿಸುತ್ತದೆ. ಹಿಂದಿ, ಇಂಗ್ಲಿಷ್ ಬಿಟ್ಟರೆ ಉಳಿದ ಹತ್ತು ಅರಬ್ಬಿ, ಫ್ರೆಂಚ್, ಜರ್ಮನ್, ಇಟಾಲಿಯನ್, ಜಪಾನಿ, ಕೊರಿಯನ್, ಚೀನಿ, ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್. ಇಂಗ್ಲಿಷ್ ಸಾಕಾಗದೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಪುಟ್ಟಪರ್ತಿಯ ಅಂಗಡಿಯವರು ಇಟಾಲಿಯನ್, ರಷ್ಯನ್ ಮಾತುಗಳನ್ನು ಕಲಿತದ್ದು ಭಕ್ತರ ಒಡನಾಟದಿಂದ. ಗೋಕರ್ಣದಲ್ಲಿ, ಹಂಪಿಯ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಹೀಬ್ರೂ ಬೋರ್ಡು ತೂಗುಹಾಕಿದವರೂ ಅದನ್ನು ಗಿರಾಕಿಗಳಿಂದಲೇ ಅರಿತರು. ಕಾಲೇಜು ಮೆಟ್ಟಿಲು ಹತ್ತದವರೂ ಹೊಸ ನುಡಿಯೊಂದರಲ್ಲಿ ವ್ಯವಹರಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಬ್ಬರಿಗೂ ತಾಯ್ನುಡಿಯಲ್ಲದ ಇಂಗ್ಲಿಷಿನಲ್ಲಿ ಇಬ್ಬರೂ ತಡವರಿಸುವಾಗ, ಒಬ್ಬರ ಸ್ವಂತ ಮಾತಿನ ಒಂದು ನಮಸ್ಕಾರ ಮಾತುಕತೆಗೆ ದಾರಿ ತೆರೆಯುತ್ತದೆ.

ಈ ಸಾಕ್ಷಿಯಲ್ಲೇ ಎರಡನೆಯ ಆಕ್ಷೇಪವೂ ಅಡಗಿದೆ, ಅದು ಹೆಚ್ಚು ಗಂಭೀರವಾದದ್ದು. ಪ್ರವಾಸಿ ತಾಣಗಳಲ್ಲಿ ವಿದೇಶಿಯ ನುಡಿಯಲ್ಲಿ ಕೂಗಿ ಕರೆಯುವವರು ಹಲವು ಸಲ ಏನನ್ನೋ ಮಾರಲು ಬಂದವರು, ಕಮಿಷನ್ನಿಗೆ ಹೋಟೆಲು ತೋರಿಸುವವರು. ತನ್ನ ಭಾಷೆ ಕೇಳಿಸಿದೊಡನೆ ಪ್ರವಾಸಿ ಜೇಬು ಮುಟ್ಟಿ ನೋಡಿಕೊಳ್ಳುವಂತಾದರೆ ಆ ಭಾಷೆ ಬಲೆಯಾಯಿತು. ಒಂಟಿಯಾಗಿ ತಿರುಗುವ ಹೆಣ್ಣುಮಕ್ಕಳಿಗಂತೂ ಗುರುತಿಲ್ಲದ ಗಂಡಸರು ಹಿಂದೆ ಬಿದ್ದು ಮಾತಿಗೆಳೆಯುವುದು ಕಿರುಕುಳವೇ. ಇದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೆ ಉಳಿಯುವುದು ನಡತೆಯ ಪ್ರಶ್ನೆ. ಮುಖ ನೋಡಿ ನಕ್ಕವರೊಂದಿಗೆ ಮಾತ್ರ ಮಾತು ಶುರುಮಾಡಬೇಕು. ಅವರು ಮುಂದಕ್ಕೆ ನಡೆದರೆ ಬಿಟ್ಟುಬಿಡಬೇಕು. ಮದುವೆಯಾಗಿದೆಯೇ, ಸಂಬಳವೆಷ್ಟು ಎಂದು ಕೇಳಬಾರದು. ಅನುಮತಿಯಿಲ್ಲದೆ ಫೋಟೊ ತೆಗೆಯಬಾರದು. ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡಬಹುದಾದಷ್ಟು ಸರಳ ವಿಷಯಗಳಿವು. ಕೈವಾರದಂಥ ಊರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ವಿದೇಶಿಯರನ್ನೇ ನಂಬಿದ ವ್ಯಾಪಾರ ಅಲ್ಲಿ ಬೆಳೆದಿಲ್ಲ. ಗುಡಿಯ ಮುಂದೆ ಹೂವು ಕಟ್ಟುವವರಿಗೆ ಜಪಾನಿನ ಯಾತ್ರಿಕನಿಂದ ದೊಡ್ಡ ಲಾಭವೇನಿಲ್ಲ. ಲಾಭದ ಲೆಕ್ಕವಿಲ್ಲದ ಕಡೆ ಆಡಿದ ಮಾತನ್ನು ಕೇಳುವವರು ನಂಬುತ್ತಾರೆ.

ಮೂರನೆಯ ಆಕ್ಷೇಪ ಸ್ವಾಭಿಮಾನದ್ದು. ನಮ್ಮ ನೆಲಕ್ಕೆ ಬಂದವರು ಕನ್ನಡ ಕಲಿಯಲಿ, ನಾವೇಕೆ ಅವರ ನುಡಿಗೆ ನಾಲಿಗೆ ಹೊರಳಿಸಬೇಕು? ಕನ್ನಡಕ್ಕೆ ಬ್ಯಾಂಕು, ರೈಲು, ಖಾಸಗಿ ಕಂಪನಿಗಳಲ್ಲಿ ಸಿಗುತ್ತಿರುವ ಸ್ಥಾನ ನೋಡಿದರೆ ಈ ಸಿಟ್ಟು ನ್ಯಾಯವಾದದ್ದು. ಇಲ್ಲೇ ನೆಲೆಸಿ ದುಡಿಯುವವರಿಗೆ ಅದು ಸರಿಯಾದ ಬೇಡಿಕೆಯೂ ಹೌದು. ಎರಡು ದಿನಕ್ಕೆಂದು ಬಂದ ಅತಿಥಿಯ ವಿಷಯ ಬೇರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ನೇಯ್ಗೆ, ಕಂದಾಯದ ವಿವರ ಬರೆದುಕೊಂಡರು. ಜನರ ಮಾತು ಅವರಿಗೆ ಮುಟ್ಟಿದ್ದು ದುಭಾಷಿಗಳ ಬಾಯಿಂದ. 1853ರಲ್ಲಿ ಬಂದ ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಜನರ ನಡುವೆ ಓಡಾಡಿ ಕನ್ನಡ ಕಲಿತರು, 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಕೊಟ್ಟರು. ಕಿಟೆಲ್ಲರ ಶ್ರದ್ಧೆ ಅವರದೇ. ಆದರೂ ಕೇಳಿದ್ದಕ್ಕೆಲ್ಲ ಬೇಸರಿಸದೆ ಹೇಳಿಕೊಟ್ಟ ಹೆಸರಿಲ್ಲದ ಕನ್ನಡಿಗರು ಇಲ್ಲದಿದ್ದರೆ ಆ ಪುಸ್ತಕ ಆಗುತ್ತಿರಲಿಲ್ಲ. ಕನ್ನಡವನ್ನು ಹೊರಗಿನವರು ಕಲಿಯಬೇಕಾದರೆ ಕಲಿಸುವವರು ಬೇಕು, ಕಲಿಸುವುದಕ್ಕೆ ಮಾತಿನ ಸಲಿಗೆ ಬೇಕು. ಅವರ ನುಡಿಯಲ್ಲಿ ಒಂದು ಮಾತಾಡಿ ನಾವು ತಪ್ಪಿದಾಗ ಅವರು ತಿದ್ದುತ್ತಾರೆ. ಆಗ ನಮ್ಮ ಮಾತನ್ನು ತಪ್ಪಾಗಿ ಆಡುವ ಧೈರ್ಯ ಅವರಿಗೂ ಬರುತ್ತದೆ. ಇಬ್ಬರೂ ಒಟ್ಟಿಗೆ ಶಿಷ್ಯರಾದ ಕಡೆ ದಾಸ್ಯ ಎಲ್ಲಿಂದ ಬಂತು? ದಾಸ್ಯವೆನ್ನಬೇಕಾದ್ದು ಹೀಬ್ರೂ, ರಷ್ಯನ್ ಬರೆದು ಕನ್ನಡವನ್ನೇ ಕೈಬಿಟ್ಟ ಬೋರ್ಡನ್ನು. ನಾಮಫಲಕದ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ರಾಜ್ಯ ತಂದ ತಿದ್ದುಪಡಿ ಕಾನೂನು ಅದಕ್ಕೆ ತಕ್ಕ ಉತ್ತರ. ಉಳಿದ ಜಾಗದಲ್ಲಿ ಬೇರೆ ನುಡಿಗಳಿಗೆ ಅಡ್ಡಿಯಿಲ್ಲ.

ಫೋನಿನಲ್ಲಿ ಅನುವಾದವಾಗುವ ಈ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಪ್ರವಾಸಿ ಬಿದ್ದು ಕಾಲು ಮುರಿದುಕೊಂಡಾಗ, ಪಾಸ್‌ಪೋರ್ಟ್ ಕಳೆದುಕೊಂಡಾಗ, ಯಾವ ಔಷಧ ಒಗ್ಗುವುದಿಲ್ಲ ಎಂದು ತಿಳಿಯಬೇಕಾದಾಗ ಫೋನನ್ನೇ ಬಳಸಬೇಕು. ಅಲ್ಲಿ ಅರೆಬರೆ ಭಾಷೆ ಅಪಾಯ ತರುತ್ತದೆ. ಪರಿಚಯದ ಮಾತು ಹಾಗಲ್ಲ. ಫೋನಿಗೆ ಹೇಳಿ, ಅದು ಹೇಳುವುದನ್ನು ಕಾದು ಕೇಳುವಾಗ ಇಬ್ಬರ ಕಣ್ಣೂ ಪರದೆಯ ಮೇಲಿರುತ್ತದೆ. ಮಾತು ಮುಗಿದ ಮೇಲೆ ಕಲಿತದ್ದು ಯಾರಲ್ಲೂ ಉಳಿಯುವುದಿಲ್ಲ. ಬಾಯಾರೆ ಕಲಿತ ಹತ್ತು ಮಾತಾದರೋ ಮುಂದಿನ ಅತಿಥಿಗೂ ಉಪಯೋಗಕ್ಕೆ ಬರುತ್ತದೆ, ಮನೆಯ ಮಕ್ಕಳ ಕಿವಿಗೂ ಬೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಕಠಿಣ ಪ್ರಶ್ನೆ ಒಂದಿದೆ. ವಿದೇಶಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಿಳಿಯ ತೊಗಲಿನವರು ಮಾತ್ರವೇ? ಬೆಂಗಳೂರಿನ ಹೊರವಲಯದಲ್ಲಿ 2016ರ ಜನವರಿ ಕೊನೆಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಆಕೆಗೆ ಸಂಬಂಧವೇ ಇರದ ಅಪಘಾತವೊಂದಕ್ಕೆ ಅದು ಸೇಡು ತೀರಿಸಿಕೊಂಡ ಬಗೆ. ಫ್ರೆಂಚಿನ ಎರಡು ಮಾತಿಗೆ ಹಿಗ್ಗುವವರು ಆಕೆಯ ದೇಶದ ಸ್ವಾಹಿಲಿಯ ಎರಡು ಮಾತನ್ನೂ ಕೇಳಿ ತಿಳಿಯುವ ಮನಸ್ಸು ಮಾಡಬೇಕು. ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ನಂದಿಯ ಕಡೆ ಒಂದು ಸುತ್ತು ಹೋಗುವ ಢಾಕಾದ ಕುಟುಂಬದ ಬಂಗಾಳಿಗೂ ಅಷ್ಟೇ ಕಿವಿಗೊಡಬೇಕು. ಬಣ್ಣ, ದುಡ್ಡು ನೋಡಿ ಹುಟ್ಟುವ ಭಾಷಾಪ್ರೀತಿಯನ್ನು ಪ್ರೀತಿ ಎನ್ನಲಾಗದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕೈವಾರ, ನಂದಿಯ ಭೋಗನಂದೀಶ್ವರ ಗುಡಿ, 1938ರ ಗೋಲಿಬಾರಿನ ನೆನಪು ಹೊತ್ತ ವಿದುರಾಶ್ವತ್ಥ, ಈ ಮೂರು ಕಡೆ ಒಂದೊಂದು ಫಲಕ ಬೇಕು. ನಮಸ್ಕಾರ, ಊಟ ಆಯಿತೇ, ಎಷ್ಟು, ಬಸ್ಸು ಎಲ್ಲಿ, ಹೋಗಿ ಬನ್ನಿ ಎಂಬಂಥ ಹತ್ತು ಕನ್ನಡ ಮಾತುಗಳನ್ನು ಐದಾರು ವಿದೇಶಿ ಲಿಪಿಗಳಲ್ಲಿ ಅಲ್ಲಿ ಬರೆಯಬೇಕು. ಅದೇ ಹತ್ತು ಮಾತು ಆ ವಿದೇಶಿ ನುಡಿಗಳಲ್ಲಿ ಹೇಗೆಂದು ಪಕ್ಕದಲ್ಲೇ ಕನ್ನಡ ಲಿಪಿಯಲ್ಲಿರಬೇಕು. ಪ್ರವಾಸೋದ್ಯಮ ಇಲಾಖೆ ಪ್ರವಾಸಿ ಮಿತ್ರರಿಗೆ, ಆಟೊ ಚಾಲಕರಿಗೆ, ದೇವಸ್ಥಾನದ ಸಿಬ್ಬಂದಿಗೆ ವರ್ಷಕ್ಕೊಮ್ಮೆ ನಾಲ್ಕಾರು ದಿನದ ಮಾತಿನ ತರಬೇತಿ ಕೊಡಲಿ. ಭಾಷೆಗಳನ್ನು ಕಲಿಸುವ ಅಲಿಯಾನ್ಸ್ ಫ್ರಾಂಸೇಸ್, ಮ್ಯಾಕ್ಸ್ ಮುಲ್ಲರ್ ಭವನದಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. ಶಾಲೆಗಳಲ್ಲಿ ಇದಕ್ಕೆ ಅಂಕ, ಪರೀಕ್ಷೆ ಖಂಡಿತ ಇಡಬಾರದು. ಇಟ್ಟರೆ ಇಂಗ್ಲಿಷಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡಿ ಬೆಳೆದ ಮಗುವಿಗೆ ಮತ್ತೊಂದು ನುಡಿಯ ಹತ್ತು ಮಾತು ಭಾರವಾಗದು. ಆ ಮಗುವಿನ ನಾಲಿಗೆಗೆ ನಾವು ಹಾಕಿರುವ ಹೆದರಿಕೆಯನ್ನು ನಾವೇ ಬಿಡಿಸಬೇಕು. ಆ ಕೆಲಸವನ್ನು ಈ ಜಿಲ್ಲೆಯ ಶಿಕ್ಷಕರು, ಮಠ ಮಂದಿರಗಳವರು, ಪಂಚಾಯಿತಿಗಳು ಈ ವರ್ಷವೇ ಶುರುಮಾಡಬಹುದು.