ಒಪ್ಪಿದವನು ನೃಪತುಂಗ, ಬರೆದವನು ಶ್ರೀವಿಜಯ

ಹೋದ ರಜೆಯಲ್ಲಿ ಒಂದು ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡಿದೆ. ದಿನಾ ಎರಡು ತಾಸು ಹಿಡೀತಿದ್ದ ಎಕ್ಸೆಲ್ ರಿಪೋರ್ಟನ್ನ ಐದು ನಿಮಿಷಕ್ಕೆ ಇಳಿಸೋ ಪೈಥಾನ್ ಸ್ಕ್ರಿಪ್ಟ್ ಬರೆದೆ. ಮೀಟಿಂಗಲ್ಲಿ ಬಾಸ್ ಅದನ್ನ ತೋರಿಸಿ "ನಾನು ಮಾಡಿದ್ದು" ಅಂದ್ರು. ನಾನು ಅಲ್ಲೇ ಕುಂತಿದ್ದೆ. ಬಾಯಿ ಬಿಡಲಿಲ್ಲ.

ನಮ್ಮೂರು ಚಿಂಚೋಳಿ ತಾಲೂಕಿನ ಕುಂಚಾವರಂ. ಪಕ್ಕದ ಸೇಡಂ ತಾಲೂಕಲ್ಲಿ, ಕಾಗಿಣಾ ದಂಡೆ ಮೇಲೆ, ರಾಷ್ಟ್ರಕೂಟರ ರಾಜಧಾನಿ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಅತಿ ಹಳೇ ಗ್ರಂಥ ಕವಿರಾಜಮಾರ್ಗ ಆ ಆಸ್ಥಾನದ್ದೇ, ಸುಮಾರು 850ರದ್ದು. ಶಾಲೆಯಲ್ಲಿ ನಾನು ಕಲಿತಿದ್ದು "ಬರೆದವನು ನೃಪತುಂಗ" ಅಂತ. 1898ರಲ್ಲಿ ಕೆ.ಬಿ. ಪಾಠಕರು ಅಚ್ಚು ಹಾಕಿಸಿದಾಗಲೂ ಅದು ನೃಪತುಂಗನ ಹೆಸರಲ್ಲೇ ಬಂತು. ಆದ್ರೆ ಗ್ರಂಥದೊಳಗೆ ಇರೋದು ಇದು ನೃಪತುಂಗನಿಗೆ ಒಪ್ಪಿಗೆಯಾದದ್ದು ಅಂತ. ಜೊತೆಗೆ ಶ್ರೀವಿಜಯನ ಹೆಸರೂ ಇದೆ. ಅದನ್ನ ಹಿಡಿದೇ ಇವತ್ತು ಹೆಚ್ಚಿನ ವಿದ್ವಾಂಸರು ಬರೆದವನು ಶ್ರೀವಿಜಯ ಅಂತಾರೆ. ಆದರೂ ಬೆಂಗಳೂರಲ್ಲಿ ರಸ್ತೆ, ಹುಬ್ಬಳ್ಳಿಯಲ್ಲಿ ಬೆಟ್ಟ ಇರೋದು ನೃಪತುಂಗನ ಹೆಸರಲ್ಲಿ. ಶ್ರೀವಿಜಯನ ಹೆಸರಿನ ರಸ್ತೆ ನಾನಂತೂ ನೋಡಿಲ್ಲ.

ರಾಜ ಕದ್ದ ಅಂತ ನಾನು ಹೇಳ್ತಿಲ್ಲ. ಅವನು ಸುಳ್ಳು ಹೇಳೋ ಅಗತ್ಯಾನೇ ಇರಲಿಲ್ಲ. ದೊಡ್ಡವರ ಹೆಸರು ಪಕ್ಕದಲ್ಲಿದ್ರೆ ಸಾಕು, ಜನ ಕೆಲಸಾನ ಅವರ ಲೆಕ್ಕಕ್ಕೇ ಬರೀತಾರೆ. ಶ್ರೀವಿಜಯನನ್ನ ಉಳಿಸಿದ್ದು ಕೆಲಸದ ಒಳಗೇ ಇದ್ದ ಅವನ ಹೆಸರು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಮೀಟಿಂಗಲ್ಲಿ ಜಗಳ ಆಡಬೇಡಿ, ಮೀಟಿಂಗಿಗೆ ಮುಂಚೆ ಹೆಸರು ಬರೀರಿ. ಕೋಡಿನ ಮೇಲೆ, ರಿಪೋರ್ಟಿನ ಮೊದಲ ಪುಟದಲ್ಲಿ, ಇಡೀ ಟೀಮಿಗೆ ಹೋಗೋ ಮೇಲ್‌ನಲ್ಲಿ. ಆಮೇಲೆ ಬಾಸ್ ಒಬ್ಬರೇ ಇದ್ದಾಗ ಕೇಳಿ: "ಸರ್, ಮುಂದಿನ ಸಲ ಎರಡು ನಿಮಿಷ ನಾನೇ ವಿವರಿಸಲಾ?" ಇದು ಸೊಕ್ಕಲ್ಲ. ಕೇಳಿದ ಮೇಲೂ ಅದೇ ಕಥೆ ಆದ್ರೆ, ಅಲ್ಲಿ ಎಷ್ಟು ದಿನ ಇರಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಇನ್ನೊಂದು ಮಾತು, ಹೇಳೋಕೆ ನಾಚಿಕೆ. ಕಾಲೇಜ್ ಫೆಸ್ಟಿನ ವೆಬ್‌ಸೈಟ್ ಪೂರ್ತಿ ಮಾಡಿದ್ದು ಫಸ್ಟ್ ಇಯರ್ ಹುಡುಗ ಒಬ್ಬ. ಸ್ಟೇಜ್ ಮೇಲೆ ನಾನು "ನಮ್ಮ ಟೀಮ್ ಮಾಡಿದ್ದು" ಅಂದು ಚಪ್ಪಾಳೆ ತಗೊಂಡು ಇಳಿದೆ. ಅವನೂ ಅಲ್ಲೇ ಕುಂತಿದ್ದ, ಬಾಯಿ ಬಿಡಲಿಲ್ಲ. ಬಾಸ್ ಆಗೋಕೆ ಕಂಪನಿ ಸೇರಬೇಕಿಲ್ಲ, ಒಬ್ಬ ಜೂನಿಯರ್ ಇದ್ರೆ ಸಾಕು. ನಿನ್ನೆ ಆ ಸೈಟಿನ ಕೆಳಗೆ ಅವನ ಹೆಸರು ಹಾಕಿದೆ. ತಡ ಆಯ್ತು, ಗೊತ್ತು.