ಚಪ್ಪಾಳೆಗೆ ಮಗು ತಿರುಗಿದರೆ ಕಿವಿ ಸರಿಯಿದೆ ಎಂದರ್ಥವೇ?

ನನ್ನ ಅಕ್ಕನ ಮಗನಿಗೆ ಆಗ ಆರು ವರ್ಷ. ಶಾಲೆಯಿಂದ ಪದೇ ಪದೇ ದೂರು ಬರುತ್ತಿತ್ತು: ಪಾಠದ ಕಡೆ ಗಮನವಿಲ್ಲ, ಕರೆದರೆ ತಿರುಗುವುದಿಲ್ಲ. ಮನೆಯಲ್ಲೂ ಟಿ.ವಿ. ಸೌಂಡು ಜಾಸ್ತಿ ಮಾಡಿಕೊಳ್ಳುತ್ತಿದ್ದ, ಪ್ರತಿ ಮಾತಿಗೂ ‘ಆಂ?’ ಅನ್ನುತ್ತಿದ್ದ. ಒಂದು ದಿನ ಅಜ್ಜಿ ಅವನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಹುಡುಗ ತಟ್ಟನೆ ತಿರುಗಿದ. ‘ಕಿವಿ ಚೆನ್ನಾಗಿಯೇ ಇದೆ, ಇದೆಲ್ಲ ತುಂಟತನ’ ಎಂದು ತೀರ್ಮಾನವಾಯಿತು. ಮುಂದಿನ ಎರಡು ತಿಂಗಳು ಅವನಿಗೆ ಬೈಗುಳವೇ ಬೈಗುಳ. ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದಾಗ ತಿಳಿದದ್ದು: ಎರಡೂ ಕಿವಿಗಳ ತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು.

ಅಜ್ಜಿಯ ಪರೀಕ್ಷೆ ಎಲ್ಲಿ ತಪ್ಪಿತು?

ಹತ್ತಿರದಲ್ಲಿ ತಟ್ಟಿದ ಚಪ್ಪಾಳೆ ತುಂಬ ಜೋರಾದ ಸದ್ದು. ಕೇಳುವ ಶಕ್ತಿ 30–40 ಡೆಸಿಬಲ್ ಕುಸಿದಿರುವ ಮಗುವಿಗೂ ಅದು ಸುಲಭವಾಗಿ ಕೇಳುತ್ತದೆ. ಆದರೆ ನಾವು ಆಡುವ ಮಾತು ಹಾಗಲ್ಲ. ಮಾಮೂಲಿ ಸಂಭಾಷಣೆಯ ಮಟ್ಟ ಸುಮಾರು 60 ಡೆಸಿಬಲ್. ಅದರಲ್ಲೂ ಸ್ವರಗಳು ಗಟ್ಟಿಯಾಗಿ ಕೇಳಿದರೆ ಸ, ಪ, ಹ, ಕ ಮುಂತಾದ ವ್ಯಂಜನಗಳು ಬಹಳ ಮೆಲ್ಲಗಿರುತ್ತವೆ. ಹಾಲು, ಕಾಲು, ಸಾಲು, ಪಾಲು ಎಂಬ ನಾಲ್ಕು ಪದಗಳನ್ನು ಬೇರ್ಪಡಿಸುವುದು ಆ ಮೆಲ್ಲನೆಯ ಮೊದಲ ವ್ಯಂಜನವೇ. ಅದು ಕೇಳದಿದ್ದರೆ ನಾಲ್ಕೂ ಒಂದೇ. ಟೀಚರ್ ದೂರದಲ್ಲಿ, ಬೋರ್ಡಿನ ಕಡೆ ಮುಖ ಮಾಡಿ, ನಲವತ್ತು ಮಕ್ಕಳ ಗದ್ದಲದ ನಡುವೆ ಮಾತಾಡುವಾಗ ಇಂಥ ಮಗುವಿಗೆ ದನಿ ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಅದನ್ನೇ ನಾವು ‘ಗಮನವಿಲ್ಲ’ ಎನ್ನುತ್ತೇವೆ.

ತಮಟೆಯ ಹಿಂದಿನ ಪುಟ್ಟ ಕೋಣೆ

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆಯಿದೆ. ಅದೇ ಮಧ್ಯಕಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಸರಪಳಿಯಂತೆ ಜೋಡಿಕೊಂಡಿವೆ. ಸುಮಾರು 3 ಮಿಲಿಮೀಟರ್ ಉದ್ದದ ರಿಕಾಪು ನಮ್ಮ ದೇಹದ ಅತಿ ಚಿಕ್ಕ ಮೂಳೆ. ತಮಟೆಯ ಅದುರುವಿಕೆಯನ್ನು ಒಳಕಿವಿಯ ದ್ರವಕ್ಕೆ ದಾಟಿಸುವುದು ಈ ಸರಪಳಿಯ ಕೆಲಸ. ಗಾಳಿಯಲ್ಲಿರುವ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ಆ ನಷ್ಟವನ್ನು ತುಂಬಿಕೊಡುವುದು ಮಧ್ಯಕಿವಿ.

ಇದು ಸರಿಯಾಗಿ ಕೆಲಸ ಮಾಡಬೇಕಾದರೆ ತಮಟೆಯ ಎರಡೂ ಬದಿಯ ಗಾಳಿಯ ಒತ್ತಡ ಸಮನಾಗಿರಬೇಕು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಯೂಸ್ಟೇಷಿಯನ್ ನಾಳ ಆ ಕೆಲಸ ಮಾಡುತ್ತದೆ. ಘಾಟಿ ಇಳಿಯುವಾಗ ಕಿವಿ ಗಟ್ಟಿಯಾಗಿ, ಉಗುಳು ನುಂಗಿದೊಡನೆ ‘ಟಪ್’ ಎಂದು ಬಿಟ್ಟುಕೊಳ್ಳುವುದು ಈ ನಾಳ ತೆರೆದುಕೊಂಡಾಗಲೇ. ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಅಡ್ಡಡ್ಡ. ಹಾಗಾಗಿ ಶೀತವಾದಾಗ ಬೇಗ ಕಟ್ಟಿಕೊಳ್ಳುತ್ತದೆ, ಒಳಗೆ ದ್ರವ ಸೇರುತ್ತದೆ. ಹಲವು ಬಾರಿ ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಮನೆಯವರಿಗೆ ಗೊತ್ತಾಗದಿರುವುದು ಅದಕ್ಕೇ.

ಕ್ಲಿನಿಕ್ಕಿನಲ್ಲಿ ಒಂದೇ ಪರೀಕ್ಷೆ ಸಾಲದೇಕೆ?

‘ಕಿವಿ ಟೆಸ್ಟ್’ ಎಂದು ಹೋದವರಿಗೆ ಎರಡು ಮೂರು ಪರೀಕ್ಷೆ ಬರೆದುಕೊಟ್ಟಾಗ, ದುಡ್ಡು ಕೀಳುತ್ತಿದ್ದಾರೇನೋ ಎಂಬ ಅನುಮಾನ ಬರುವುದು ಸಹಜ. ಆದರೆ ಪ್ರತಿ ಪರೀಕ್ಷೆಯೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮೊದಲ ಪ್ರಶ್ನೆ: ಎಷ್ಟು ಕೇಳುತ್ತದೆ? ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಬೇರೆ ಬೇರೆ ಸ್ವರಗಳನ್ನು ಕೇಳಿಸುತ್ತಾರೆ. ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಎಂಬುದನ್ನು ಗುರುತಿಸಿದ ನಕ್ಷೆಯೇ ಆಡಿಯೋಗ್ರಾಂ. ಅದರಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ಚಿಕ್ಕ ಮಕ್ಕಳಿಗೆ ಇದನ್ನೇ ಆಟ ಮಾಡುತ್ತಾರೆ: ಸದ್ದು ಕೇಳಿದಾಗಲೆಲ್ಲ ಒಂದು ಗೊಂಬೆಯನ್ನು ಬುಟ್ಟಿಗೆ ಹಾಕಬೇಕು.

ಎರಡನೆಯದು: ತೊಂದರೆ ಎಲ್ಲಿದೆ? ಕಿವಿಯ ಹಿಂದಿನ ಮೂಳೆಗೆ ಕಂಪಿಸುವ ಸಣ್ಣ ಸಾಧನವನ್ನು ಒತ್ತಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಈ ಕಂಪನ ಹೊರಕಿವಿ, ಮಧ್ಯಕಿವಿಗಳನ್ನು ಬಳಸಿಕೊಂಡು ನೇರ ಒಳಕಿವಿಗೆ ಹೋಗುತ್ತದೆ. ಹೆಡ್‌ಫೋನಿನಲ್ಲಿ ಮಂದವಾಗಿ ಕೇಳಿದ್ದು ಮೂಳೆಯ ಮೂಲಕ ಚೆನ್ನಾಗಿ ಕೇಳಿದರೆ ದಾರಿಯಲ್ಲೇ ಏನೋ ಅಡ್ಡ ಬಂದಿದೆ ಎಂದರ್ಥ: ಗುಗ್ಗೆ, ತೂತಾದ ತಮಟೆ, ನೀರು. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಬಗ್ಗುತ್ತವೆ. ಎರಡರಲ್ಲೂ ಒಂದೇ ಸಮ ಮಂದವಾಗಿದ್ದರೆ ತೊಂದರೆ ಒಳಕಿವಿಯದೋ ನರದ್ದೋ ಆಗಿರುತ್ತದೆ. ಅಲ್ಲಿ ಶ್ರವಣಸಾಧನ, ಕೆಲವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗಬಹುದು.

ಮೂರನೆಯದು: ಮಧ್ಯಕಿವಿ ಹೇಗಿದೆ? ಇದಕ್ಕೆ ಟಿಂಪನೋಮೆಟ್ರಿ. ಕಿವಿಯ ಬಾಯಿಗೆ ಮೆತ್ತನೆಯ ಬಿರಡೆ ಇಟ್ಟು ಗಾಳಿಯ ಒತ್ತಡವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ, ತಮಟೆ ಎಷ್ಟು ಸಡಿಲವಾಗಿ ಅಲುಗಾಡುತ್ತದೆ ಎಂದು ಯಂತ್ರ ಅಳೆಯುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಮಗು ಏನನ್ನೂ ಹೇಳಬೇಕಾಗಿಲ್ಲ, ಅಲುಗಾಡದೆ ಕೂತರೆ ಸಾಕು. ಆರೋಗ್ಯವಂತ ಕಿವಿಯ ನಕ್ಷೆ ಮಧ್ಯದಲ್ಲಿ ಗುಡ್ಡದಂತೆ ಏರುತ್ತದೆ. ಇದು ‘ಎ’ ಮಾದರಿ. ಒಳಗೆ ನೀರಿದ್ದರೆ ತಮಟೆ ಅಲುಗಾಡುವುದಿಲ್ಲ, ಗೆರೆ ಮಟ್ಟಸವಾಗಿರುತ್ತದೆ; ಇದು ‘ಬಿ’. ನಾಳ ಕಟ್ಟಿಕೊಂಡು ತಮಟೆ ಒಳಕ್ಕೆ ಎಳೆದುಕೊಂಡಿದ್ದರೆ ಗುಡ್ಡ ಒಂದು ಬದಿಗೆ ಸರಿಯುತ್ತದೆ, ಇದು ‘ಸಿ’. ತಮಟೆ ತೂತಾಗಿದ್ದರೂ, ಗುಗ್ಗೆ ಪೂರ್ತಿ ಮುಚ್ಚಿದ್ದರೂ ‘ಬಿ’ ಬರಬಹುದು. ಆದ್ದರಿಂದ ಕಿವಿಯೊಳಗೆ ಬೆಳಕು ಬಿಟ್ಟು ನೋಡುವುದೂ ಅಗತ್ಯ.

ಆದರೆ ಟಿಂಪನೋಮೆಟ್ರಿ ಕೇಳುವ ಶಕ್ತಿಯನ್ನು ಅಳೆಯುವುದಿಲ್ಲ. ಪೂರ್ತಿ ಕಿವುಡಾದ ಮಗುವಿಗೂ ‘ಎ’ ಮಾದರಿ ಬರಬಹುದು, ಏಕೆಂದರೆ ತೊಂದರೆ ಒಳಕಿವಿಯಲ್ಲಿರುತ್ತದೆ. ‘ಮಧ್ಯಕಿವಿ ನಾರ್ಮಲ್’ ಎಂಬ ಒಂದು ಸಾಲು ಓದಿ ನಿಶ್ಚಿಂತರಾಗುವುದು ಚಪ್ಪಾಳೆ ನಂಬಿದಷ್ಟೇ ತಪ್ಪು. ಉತ್ತರ ಹೇಳಲಾರದ ಹಸುಗೂಸುಗಳಿಗೆ ಒಳಕಿವಿಯ ಪ್ರತಿಧ್ವನಿ ಅಳೆಯುವ ಓಎಇ, ನರದ ಸ್ಪಂದನ ಅಳೆಯುವ ಬೆರಾ ಪರೀಕ್ಷೆಗಳಿವೆ.

ನೀರಿದ್ದರೆ ಮುಂದೇನು?

ಬಹಳ ಮಕ್ಕಳಲ್ಲಿ ಈ ನೀರು ಸುಮಾರು ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ವೈದ್ಯರು ‘ಕಾದು ನೋಡೋಣ, ಮತ್ತೆ ಪರೀಕ್ಷೆ ಮಾಡೋಣ’ ಎಂದರೆ ಅದು ಉದಾಸೀನವಲ್ಲ. ಇಳಿಯದೆ ಕಿವಿ ಮಂದವಾಗಿಯೇ ಉಳಿದರೆ ತಮಟೆಯಲ್ಲಿ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಇಡುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡುವುದರಿಂದ ಪ್ರಯೋಜನವಿಲ್ಲ: ನೀರು ತಮಟೆಯ ಆಚೆಗಿದೆ, ಎಣ್ಣೆ ಈಚೆಗೇ ನಿಲ್ಲುತ್ತದೆ. ತಮಟೆ ತೂತಾಗಿದ್ದರಂತೂ ಎಣ್ಣೆ ಒಳಗೆ ಹೋಗಿ ಸೋಂಕಿಗೆ ದಾರಿಯಾಗಬಹುದು.

ಅಕ್ಕನ ಮಗನನ್ನು ಕಾಯುವ ಅವಧಿಯಲ್ಲಿ ಮೊದಲ ಬೆಂಚಿನಲ್ಲಿ ಕೂರಿಸಿದರು, ಮುಖ ನೋಡಿ ಮಾತಾಡತೊಡಗಿದರು. ದೂರು ಅರ್ಧಕ್ಕರ್ಧ ಅಲ್ಲಿಗೇ ನಿಂತಿತು. ನೀರೂ ಇಳಿಯಿತು.

ಯಾವಾಗ ಪರೀಕ್ಷೆ ಮಾಡಿಸಬೇಕು?

ಮಗು ಪದೇ ಪದೇ ‘ಆಂ?’ ಎಂದರೆ, ಟಿ.ವಿ. ಹತ್ತಿರವೇ ಕೂತರೆ, ಮಾತು ತಡವಾದರೆ ಪರೀಕ್ಷೆ ಮಾಡಿಸಿ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯಬೇಡಿ. ಯಾವ ವಯಸ್ಸಿನವರಿಗೇ ಆಗಲಿ, ಒಂದೆರಡು ದಿನದಲ್ಲಿ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು. ಕೂಡಲೇ ಇಎನ್‌ಟಿ ವೈದ್ಯರನ್ನು ಕಾಣಿ. ನಮ್ಮಲ್ಲಿ 1965ರಲ್ಲೇ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳೆಲ್ಲ ನಡೆಯುತ್ತವೆ.

ಬಾಲ್ಯದ ಶ್ರವಣದೋಷಗಳಲ್ಲಿ ಹತ್ತಿರ ಹತ್ತಿರ 60%ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತು ಕೇಳದ ಮಗುವನ್ನು ಬೈಯುವ ಮೊದಲು, ಮಾತು ಅದಕ್ಕೆ ಕೇಳಿಸಿತೇ ಎಂದು ಒಮ್ಮೆ ನೋಡಿಕೊಳ್ಳೋಣ.