ಗೆದ್ದವನೂ ಸೋಲಬಾರದು

‘ಗೆದ್ದವನು ಸೋತ, ಸೋತವನು ಸತ್ತ’ ಅಂತ ಕೋರ್ಟಿನ ಬಗ್ಗೆ ಹಿರಿಯರು ಹೇಳುವ ಮಾತಿದೆ. ಪೊಲೀಸ್ ಠಾಣೆಯಲ್ಲಿ ಹುಡುಗನಿಗೆ ಪೆಟ್ಟು ಬಿದ್ದರೂ ‘ಬಿಡಿ ಕಾಕ, ಯಾಕೆ ಸುಮ್ಮನೆ ಉಪದ್ರ, ವಕೀಲರಿಗೆ ಕೊಡ್ಲಿಕ್ಕೆ ದುಡ್ಡೆಲ್ಲಿಂದ?’ ಎಂದು ಮನೆಯವರನ್ನು ಸುಮ್ಮನಾಗಿಸುವುದು ಇದೇ ಹೆದರಿಕೆಯಿಂದ.

ಆದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ. ಏನಾಯಿತು, ಯಾವಾಗ, ಎಲ್ಲಿ, ಯಾರಿಂದ ಎಂದು ಕನ್ನಡದಲ್ಲೇ ಬರೆದು ಕಳಿಸಿದರೆ ಸಾಕು. ನೆನಪಿಡಬೇಕಾದದ್ದು ಎರಡು: ದೂರು ಸರ್ಕಾರಿ ನೌಕರರ ತಪ್ಪು ಅಥವಾ ನಿರ್ಲಕ್ಷ್ಯದ ಬಗ್ಗೆ ಇರಬೇಕು, ಘಟನೆ ನಡೆದು ಒಂದು ವರ್ಷ ದಾಟಿರಬಾರದು. ‘ನೋಡುವಾ, ನೋಡುವಾ’ ಎನ್ನುತ್ತಾ ವರ್ಷ ಕಳೆದರೆ 1993ರ ಕಾಯ್ದೆಯ 36ನೇ ಕಲಂ ಬಾಗಿಲು ಮುಚ್ಚುತ್ತದೆ.

ಸಿಗುವ ಪರಿಹಾರವೇನು? 18ನೇ ಕಲಂ ಪ್ರಕಾರ ನೊಂದವರಿಗೆ ಅಥವಾ ಅವರ ಕುಟುಂಬಕ್ಕೆ ಪರಿಹಾರಧನ, ತಪ್ಪಿತಸ್ಥರ ಮೇಲೆ ಕ್ರಮ, ತುರ್ತಿದ್ದರೆ ಮಧ್ಯಂತರ ನೆರವು ಕೊಡುವಂತೆ ಆಯೋಗ ಹೇಳಬಹುದು. ಸರ್ಕಾರ ಒಂದು ತಿಂಗಳೊಳಗೆ ಉತ್ತರಿಸಬೇಕು. ಕಷ್ಟ ಇರುವುದು ಇಲ್ಲೇ. ಕಾಯ್ದೆಯಲ್ಲಿರುವ ಪದ ‘ಆದೇಶ’ ಅಲ್ಲ, ‘ಶಿಫಾರಸು’. ಶಿಫಾರಸು ತಾನೇ ಎಂದು ಕಡತ ಕಪಾಟಿಗೆ ಸೇರಿದರೆ ನೊಂದವನಿಗೆ ಸಿಕ್ಕಿದ್ದೇನು?

ಮದ್ರಾಸ್ ಹೈಕೋರ್ಟಿನ ಪೂರ್ಣ ಪೀಠ 2021ರಲ್ಲಿ ಈ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದಿತು. ಒಪ್ಪದವರು ಹೈಕೋರ್ಟಿನಲ್ಲಿ ಪ್ರಶ್ನಿಸಲಿ, ಸುಮ್ಮನೆ ಕುಳಿತುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಆ ತೀರ್ಪು ಆ ರಾಜ್ಯದ್ದು. ಕರ್ನಾಟಕ ಸರ್ಕಾರ ಅದನ್ನೇ ತನ್ನ ನಿಯಮವಾಗಿ ಒಪ್ಪಿಕೊಳ್ಳಬೇಕು ಎಂಬುದು ನನ್ನ ಮಾತು.

ಇನ್ನು ಖರ್ಚು. ದೂರಿಗೆ ಶುಲ್ಕ ಇಲ್ಲ ನಿಜ, ಆದರೆ ದಿನಗೂಲಿ ಬಿಟ್ಟು ಬೆಂಗಳೂರಿಗೆ ಹೋಗುವ ಬಸ್ ಚಾರ್ಜ್ ಯಾರು ಕೊಡುತ್ತಾರೆ? ಆಯೋಗದ ತೀರ್ಮಾನದ ವಿರುದ್ಧ ಕಾಯ್ದೆಯಲ್ಲಿ ಮೇಲ್ಮನವಿ ಇಲ್ಲ. 226ನೇ ವಿಧಿಯಡಿ ಹೈಕೋರ್ಟಿಗೇ ಹೋಗಬೇಕು. ಅಲ್ಲಿ ಸರ್ಕಾರಕ್ಕೆ ಸರ್ಕಾರಿ ವಕೀಲರು, ಬಡವನಿಗೆ ಸಾಲ. ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ತಾಯಿ ಬರೆದ ಪತ್ರವನ್ನೇ ಅರ್ಜಿ ಎಂದು ಸ್ವೀಕರಿಸಿದ ಸುಪ್ರೀಂ ಕೋರ್ಟ್, 1993ರಲ್ಲಿ 1.5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಜೊತೆಗೆ ಕಾನೂನು ನೆರವು ಸಮಿತಿಗೆ 10 ಸಾವಿರ ರೂಪಾಯಿ ಖರ್ಚನ್ನೂ ಒಡಿಶಾ ಸರ್ಕಾರದ ಮೇಲೆ ಹಾಕಿತು. ತಪ್ಪು ಸರ್ಕಾರದ್ದಾದರೆ ಖರ್ಚೂ ಸರ್ಕಾರದ್ದೇ ಆಗಬೇಕು. ಆಯೋಗದ ಪ್ರತಿ ಶಿಫಾರಸಿನಲ್ಲೂ ಓಡಾಟದ ಖರ್ಚಿಗೆ ಒಂದು ಸಾಲು ಇರಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕೆಲಸ. ಕೇಳಿ ಪಡೆಯಿರಿ. ಪ್ರತಿ ಜಮಾಅತ್‌ನಲ್ಲಿ ದೂರು ಬರೆದುಕೊಡಬಲ್ಲ ಕಲಿತ ಹುಡುಗ ಹುಡುಗಿಯರು ಇದ್ದಾರೆ. ವೈದ್ಯರ ಚೀಟಿ, ಫೋಟೋ, ಅರ್ಜಿಯ ನಕಲು, ಅಂಚೆ ರಶೀದಿ ಒಂದನ್ನೂ ಬಿಸಾಡಬೇಡಿ. ದುಡ್ಡಿಲ್ಲದವನ ಕೈಯಲ್ಲಿ ಉಳಿಯುವ ಬಲ ಆ ಕಾಗದಗಳೇ.